ಫೋಲ್ಡ್‌ಸ್ಕೋಪ್: ಬಸವನಹುಳುವಿನ ಹಲ್ಲು ನೋಡೋಕೆ ಸಾಕಾಗುತ್ತಾ?

ನಾನು ಪೀಣ್ಯದ ಒಂದು ಟೂಲ್ ರೂಮಿನಲ್ಲಿ ಕೆಲಸ ಮಾಡುತ್ತೇನೆ. ಕಟರ್, ಕಾರ್ಬೈಡ್ ಇನ್ಸರ್ಟ್ (ಲೋಹ ಕತ್ತರಿಸುವ, ಸವೆದಾಗ ಬದಲಿಸುವ ಗಟ್ಟಿ ಮೊನೆ), ಅವುಗಳ ಸವೆತ, ಇದೇ ದಿನವಿಡೀ ನನ್ನ ತಲೆಯಲ್ಲಿ. ಬಸವನಹುಳು ಎಲೆ ಕೆರೆಯುವ ರಾಡ್ಯುಲಾವನ್ನು ಕಣ್ಣಾರೆ ನೋಡಬೇಕು ಅಂತಲೇ ಫೋಲ್ಡ್‌ಸ್ಕೋಪ್ ತರಿಸಿದೆ. ರಾಡ್ಯುಲಾ ಅಂದರೆ ಬಾಯೊಳಗೆ ನಾಲಿಗೆಯ ಹಾಗಿರುವ, ಮೈತುಂಬ ಹಲ್ಲಿರುವ ಪಟ್ಟಿ.

ಫೋಲ್ಡ್‌ಸ್ಕೋಪ್ ಕಾಗದದ ಮೈಕ್ರೋಸ್ಕೋಪ್, ನಾವೇ ಮಡಚಿ ಜೋಡಿಸಬೇಕು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನು ಪ್ರಕಾಶ್ ಮತ್ತು ಅವರ ವಿದ್ಯಾರ್ಥಿ ರೂಪಿಸಿದ್ದು, ವಿನ್ಯಾಸ ಪ್ರಕಟವಾಗಿದ್ದು 2014ರಲ್ಲಿ. ಲೆನ್ಸ್ ಅಂದರೆ ಗಾಜಿನ ಪುಟ್ಟ ಗುಂಡು. 140 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಮ್ಯಾಗ್ನೆಟ್ ಇರುವುದರಿಂದ ಫೋನ್ ಕ್ಯಾಮೆರಾಗೂ ಕೂರುತ್ತದೆ.

ಮೊದಲು ಒಂದು ಆನ್‌ಲೈನ್ ಅಂಗಡಿಯಿಂದ ರಾಡ್ಯುಲಾದ ರೆಡಿ ಸ್ಲೈಡ್ ತರಿಸಿದೆ. ತುಂಬ ಗಾಳಿಗುಳ್ಳೆ, ಏನೂ ಕಾಣಲಿಲ್ಲ. ಆಮೇಲೆ ಹಿತ್ತಲಲ್ಲಿ ಸತ್ತಿದ್ದ ಆಫ್ರಿಕನ್ ಬಸವನಹುಳುವಿನ ಬಾಯಿಯ ಭಾಗವನ್ನು ಕಾಸ್ಟಿಕ್ ಸೋಡಾ ನೀರಿನಲ್ಲಿಟ್ಟೆ. ಮಾಂಸ ಕರಗಿತು, ಕೈಟಿನ್ (ಕೀಟಗಳ ಹೊರಕವಚದಲ್ಲೂ ಇರುವ ವಸ್ತು) ಪಟ್ಟಿ ಉಳಿಯಿತು. ಸ್ಲೈಡ್ ಮೇಲೆ ಹರಡಿದೆ. ಸಾಲು ಸಾಲು ಹಲ್ಲು! ಮುಂದಿನ ಸಾಲುಗಳ ತುದಿ ಮೊಂಡು, ಹಿಂದಿನವು ಚೂಪು. ಹುಳು ಬದುಕಿರುವವರೆಗೂ ಹಿಂದೆ ಹೊಸ ಸಾಲು ಹುಟ್ಟುತ್ತದೆ, ಮುಂದೆ ಸವೆದದ್ದು ಉದುರುತ್ತದೆ. ನಾವು ಒಂದು ಇನ್ಸರ್ಟ್ ಬದಲಿಸಲು ಮೆಷಿನ್ ನಿಲ್ಲಿಸಬೇಕು, ಇದು ತಿನ್ನುತ್ತಲೇ ಬದಲಿಸಿಕೊಳ್ಳುತ್ತದೆ. ರಾಡ್ಯುಲಾ ಹಲ್ಲುಗಳ ಬಲದ ಬಗ್ಗೆಯೇ ಎಲ್ಲರೂ ಜಾಸ್ತಿ ಮಾತಾಡುತ್ತಾರೆ. ಟೂಲ್ ಮಾಡುವ ನನಗೆ ಈ ಬದಲಿಸುವ ಏರ್ಪಾಡೇ ದೊಡ್ಡದು.

ಹಾಗಂತ ಬಲ ಸಣ್ಣ ವಿಷಯವಲ್ಲ. ಸಮುದ್ರದ ಬಂಡೆಗೆ ಅಂಟಿಕೊಂಡು ಪಾಚಿ ಕೆರೆದು ತಿನ್ನುವ, ಬಸವನಹುಳುವಿನದೇ ಬಳಗದ ಲಿಂಪೆಟ್‌ನ ಹಲ್ಲನ್ನು 2015ರಲ್ಲಿ ಬ್ರಿಟನ್ನಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಏಸಾ ಬಾರ್ಬರ್ ತಂಡ ಎಳೆದು ಪರೀಕ್ಷಿಸಿತು. ಮುರಿಯಲು 3ರಿಂದ 6.5 ಗಿಗಾಪ್ಯಾಸ್ಕಲ್ (ವಸ್ತುವಿನ ಬಲ ಅಳೆಯುವ ಮಾನ) ಬೇಕಾಯಿತು, ಜೇಡರಹುಳುವಿನ ಬಲೆಯ ಎಳೆಗಿಂತಲೂ ಜಾಸ್ತಿ. ಗೀಥೈಟ್ ಎಂಬ ಕಬ್ಬಿಣದ ಖನಿಜದ ಎಳೆಗಳು ಮೆತ್ತನೆಯ ಕೈಟಿನ್‌ನಲ್ಲಿ ಒತ್ತಾಗಿ ಕೂತಿರುವುದೇ ಇದಕ್ಕೆ ಕಾರಣ. ಆ ಎಳೆಗಳನ್ನು ಮಾತ್ರ ಫೋಲ್ಡ್‌ಸ್ಕೋಪ್‌ನಿಂದ ಹುಡುಕಬೇಡಿ. ಇದರ ಮಿತಿ ಸುಮಾರು 2 ಮೈಕ್ರಾನ್ (ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಎರಡು), ಅದಕ್ಕಿಂತ ಸಣ್ಣದು ಕಾಣುವುದಿಲ್ಲ. ಎಳೆಗಳ ದಪ್ಪ ಅದಕ್ಕಿಂತ ಎಷ್ಟೋ ಕಡಿಮೆ, ನ್ಯಾನೋಮೀಟರ್ ಲೆಕ್ಕದ್ದು. ಅದಕ್ಕೆ ಎಲೆಕ್ಟ್ರಾನ್ ಮೈಕ್ರೋಸ್ಕೋಪೇ ಬೇಕು.

ಹಲ್ಲಿನ ಆಕಾರ, ಜೋಡಣೆ, ಸವೆತ ನೋಡಲು ಫೋಲ್ಡ್‌ಸ್ಕೋಪ್ ಧಾರಾಳ ಸಾಕು. ಡಿಪ್ಲೊಮಾ, ಎಂಜಿನಿಯರಿಂಗ್ ಓದುವ ಹುಡುಗರು ಖಂಡಿತ ಕೊಳ್ಳಲಿ. ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ. ಟಾರ್ಚ್ ಮುಂದೆ ತೆಳು ಬಿಳಿ ಕಾಗದ ಹಿಡಿದರೆ ಸಾಲುಗಳು ಸ್ಪಷ್ಟವಾಗಿ ಕಾಣುತ್ತವೆ. ಕಾಸ್ಟಿಕ್ ಸೋಡಾ ಬಳಸುವಾಗ ಗ್ಲೌಸ್, ಸುರಕ್ಷತಾ ಕನ್ನಡಕ ಬೇಕೇ ಬೇಕು. ಈ ಆಫ್ರಿಕನ್ ಬಸವನಹುಳುವಿನಲ್ಲಿ ಮಿದುಳಿಗೆ ತೊಂದರೆ ಕೊಡುವ ಪರಾವಲಂಬಿ ಹುಳಗಳು ಇರಬಹುದು, ಸತ್ತಿದ್ದರೂ ಬರಿಗೈಯಲ್ಲಿ ಮುಟ್ಟಬೇಡಿ.