ಬೆಲ್ಲದ ಬೆಲೆ, ಮೂರು ತಂತ್ರಾಂಶ: ಎಕ್ಸೆಲ್, ಗ್ರೆಟಲ್, ಆರ್

ಬಿ.ಎ. ಕೊನೆಯ ವರ್ಷದ ಎಕನಾಮೆಟ್ರಿಕ್ಸ್ (ಅರ್ಥಶಾಸ್ತ್ರದ ಪ್ರಶ್ನೆಗಳನ್ನು ಅಂಕಿಅಂಶಗಳಿಂದ ಅಳೆಯುವ ಶಾಸ್ತ್ರ) ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು ನಮ್ಮ ಮಂಡ್ಯ ಎಪಿಎಂಸಿಯ ಅಚ್ಚು ಬೆಲ್ಲವನ್ನು. ಆವಕ ಹೆಚ್ಚಿದರೆ ಬೆಲೆ ಎಷ್ಟು ಇಳಿಯುತ್ತದೆ ಎಂಬುದೊಂದೇ ಪ್ರಶ್ನೆ. ಕೃಷಿ ಮಾರುಕಟ್ಟೆಗಳ ಸರ್ಕಾರಿ ಜಾಲತಾಣ ಅಗ್‌ಮಾರ್ಕ್‌ನೆಟ್‌ನಲ್ಲಿ ಸಿಗುವ ದಿನವಹಿ ಆವಕ ಮತ್ತು ಮೋಡಲ್ ಬೆಲೆಗಳನ್ನು (ಆ ದಿನ ಹೆಚ್ಚಿನ ವಹಿವಾಟು ನಡೆದ ಬೆಲೆ) ಇಳಿಸಿಕೊಂಡು, ಅದೇ ಅಂಕಿಗಳನ್ನು ಒಂದು ಸೆಮಿಸ್ಟರಿನ ಅವಧಿಯಲ್ಲಿ ಮೂರು ತಂತ್ರಾಂಶಗಳಲ್ಲಿ ಹಾಕಿ ನೋಡಿದೆ.

ಎಕ್ಸೆಲ್ ಎಲ್ಲರ ಕೈಗೂ ಸಿಗುವಂಥದ್ದು. ಡೇಟಾ ಅನಾಲಿಸಿಸ್ ಟೂಲ್‌ಪ್ಯಾಕನ್ನು ಸಕ್ರಿಯಗೊಳಿಸಿದರೆ ರಿಗ್ರೆಷನ್, ಅಂದರೆ ಒಂದು ಚರ ಬದಲಾದಾಗ ಇನ್ನೊಂದು ಎಷ್ಟು ಬದಲಾಗುತ್ತದೆ ಎಂದು ಅಂದಾಜಿಸುವ ಲೆಕ್ಕ, ಸಿದ್ಧ. ಆದರೆ ಮಾರುಕಟ್ಟೆಗೆ ರಜೆಯಿದ್ದ ದಿನದ ಒಂದು ಖಾಲಿ ಕೋಶ ಎದುರಾದರೂ ಅದು ಕೆಲಸ ನಿಲ್ಲಿಸುತ್ತದೆ, ವಿವರಣಾತ್ಮಕ ಚರಗಳೆಲ್ಲ ಅಕ್ಕಪಕ್ಕದ ಕಾಲಂಗಳಲ್ಲೇ ಇರಬೇಕೆನ್ನುತ್ತದೆ, ರೋಬಸ್ಟ್ ಸ್ಟ್ಯಾಂಡರ್ಡ್ ಎರರ್ (ಅಂಕಿಗಳ ಏರುಪೇರು ಎಲ್ಲೆಡೆ ಒಂದೇ ಸಮವಿಲ್ಲದಿದ್ದರೂ ನಂಬಬಹುದಾದ, ಅಂದಾಜಿನ ಅನಿಶ್ಚಿತತೆಯ ಅಳತೆ) ಅದರ ಪಟ್ಟಿಯಲ್ಲೇ ಇಲ್ಲ. ಹಿಂದಿನ ದಿನದ ಬೆಲೆಗಾಗಿ ನಾನು ಕಾಲಮ್ಮನ್ನು ಒಂದು ಸಾಲು ಕೆಳಗೆ ಸರಿಸಿ ಅಂಟಿಸಿದ್ದೆ. ಆಮೇಲೆ ಎಚ್ಚರಿಕೆಯ ಸಂದೇಶವನ್ನು ಓದದೆ ಬೆಲೆಯ ಕಾಲಮ್ಮನ್ನು ಮಾತ್ರ ಏರಿಕೆ ಕ್ರಮಕ್ಕೆ ಜೋಡಿಸಿ, ಎರಡು ದಿನ ಅರ್ಥವಿಲ್ಲದ ಫಲಿತಾಂಶಕ್ಕೆ ಅರ್ಥ ಹುಡುಕಿದೆ. ಇಷ್ಟಾದರೂ ರಿಗ್ರೆಷನ್ ರೇಖೆಯ ಇಳಿಜಾರೆಂದರೆ ಕೋವೇರಿಯನ್ಸನ್ನು (ಎರಡು ಚರಗಳು ಜೊತೆಯಾಗಿ ಏರಿಳಿಯುವ ಅಳತೆ) ವೇರಿಯನ್ಸಿನಿಂದ (ವಿವರಣಾತ್ಮಕ ಚರದ ಏರಿಳಿತದ ಅಳತೆ) ಭಾಗಿಸಿದ್ದೇ ಎಂಬುದು ನನ್ನ ತಲೆಗೆ ಹತ್ತಿದ್ದು ಅಲ್ಲಿ ಕೋಶಕೋಶವಾಗಿ ಲೆಕ್ಕ ಹಾಕಿದಾಗಲೇ.

ನಿಜವಾದ ತೊಡಕು ಅಂಕಿಗಳಲ್ಲೇ ಇತ್ತು. ಬೆಲೆ ಏರಿದ ದಿನಗಳಲ್ಲಿ ಆಲೆಮನೆಯವರು ಹೆಚ್ಚು ಬೆಲ್ಲ ಕಳಿಸುತ್ತಾರೆ, ಇಳಿದಾಗ ತಡೆಹಿಡಿಯುತ್ತಾರೆ. ಹೀಗಾಗಿ ಆವಕದ ಗುಣಾಂಕ (ಆ ಇಳಿಜಾರು) ಋಣವಾಗುವ ಬದಲು ಧನವಾಗಿ ಬಂತು. 1928ರಲ್ಲಿ ಅರ್ಥಶಾಸ್ತ್ರಜ್ಞ ಫಿಲಿಪ್ ರೈಟ್ ಅಗಸೆ ಬೀಜದ ಬೇಡಿಕೆ ಮತ್ತು ಪೂರೈಕೆಯನ್ನು ಬೇರ್ಪಡಿಸಲು ಇನ್‌ಸ್ಟ್ರುಮೆಂಟ್ ಚರವನ್ನು (ಒಂದು ಬದಿಯನ್ನು ಮಾತ್ರ ಅಲುಗಿಸಿ ಇನ್ನೊಂದನ್ನು ಮುಟ್ಟದ ಹೊರಗಿನ ಚರ) ಬಳಸಿದ್ದು ಇಂಥದೇ ಗಂಟನ್ನು ಬಿಡಿಸಲು. ನಾನು ಆ ಜಾಗದಲ್ಲಿ ಹಿಂದಿನ ವರ್ಷದ ಕೆ.ಆರ್.ಎಸ್. ನೀರಿನ ಮಟ್ಟವನ್ನಿಟ್ಟೆ, ಏಕೆಂದರೆ ನಾಲೆಯಲ್ಲಿ ನೀರು ಹರಿದರೆ ಕಬ್ಬು, ಕಬ್ಬಿದ್ದರೆ ಬೆಲ್ಲ. ಎಕ್ಸೆಲ್‌ನಲ್ಲಿ ಎರಡು ಹಂತಗಳನ್ನೂ (ಮೊದಲು ನೀರಿನ ಮಟ್ಟದಿಂದ ಆವಕದ ಅಂದಾಜು, ಬಳಿಕ ಆ ಅಂದಾಜಿನಿಂದ ಬೆಲೆ) ಕೈಯಾರೆ ಮಾಡಬಹುದು, ಗುಣಾಂಕವೂ ಸರಿಯಾಗಿ ಬರುತ್ತದೆ. ಆದರೆ ಎರಡನೆಯ ಹಂತದ ಉಳಿಕೆಗಳನ್ನು (ನಿಜವಾದ ಬೆಲೆಗೂ ಲೆಕ್ಕದ ಬೆಲೆಗೂ ಇರುವ ಅಂತರ) ನಿಜವಾದ ಆವಕದ ಬದಲು ಅಂದಾಜಿನ ಆವಕದಿಂದ ಲೆಕ್ಕ ಹಾಕುವುದರಿಂದ ಸ್ಟ್ಯಾಂಡರ್ಡ್ ಎರರ್ ತಪ್ಪಾಗಿರುತ್ತದೆ. ಇದು ನನಗೆ ತಿಳಿದದ್ದು ಗ್ರೆಟಲ್‌ನ ಉತ್ತರ ಬೇರೆ ಬಂದಾಗ.

ಎಕನಾಮೆಟ್ರಿಕ್ಸಿಗೆಂದೇ ಇರುವ ಗ್ರೆಟಲ್ ಉಚಿತ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಸ್ಯಾನ್ ಡಿಯಾಗೋದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕ ರಾಮು ರಾಮನಾಥನ್ ಸಿದ್ಧಪಡಿಸಿದ್ದ ಪ್ರೋಗ್ರಾಮೊಂದರಿಂದ ಬೆಳೆದದ್ದಾದ್ದರಿಂದಲೋ ಏನೋ, ಅದರ ಮೆನುಗಳು ಪಠ್ಯಕ್ರಮದ ಅಧ್ಯಾಯಗಳಂತೆಯೇ ಇವೆ. ವಾರಕ್ಕೆ ಆರು ದಿನದ ಮಾರುಕಟ್ಟೆ ಎಂದು ಹೇಳಿದರೆ ಅದಕ್ಕೆ ಅರ್ಥವಾಗುತ್ತದೆ. ಎರಡು ಹಂತದ ರಿಗ್ರೆಷನ್ ಮುಗಿದೊಡನೆ ಹೌಸ್‌ಮನ್ ಪರೀಕ್ಷೆಯನ್ನೂ (ಇನ್‌ಸ್ಟ್ರುಮೆಂಟ್ ನಿಜಕ್ಕೂ ಬೇಕಿತ್ತೇ ಎಂದು ನೋಡುವುದು) ಮೊದಲ ಹಂತದ ಎಫ್ ಅಂಕಿಯನ್ನೂ (ಇನ್‌ಸ್ಟ್ರುಮೆಂಟ್ ಆವಕವನ್ನು ಎಷ್ಟು ಬಲವಾಗಿ ಅಲುಗಿಸುತ್ತದೆ ಎಂಬುದರ ಅಳತೆ) ಕೇಳದೆಯೇ ಕೆಳಗೆ ಮುದ್ರಿಸುತ್ತದೆ. ಎಫ್ 10ಕ್ಕಿಂತ ಕಡಿಮೆಯಿದ್ದರೆ ಇನ್‌ಸ್ಟ್ರುಮೆಂಟ್ ದುರ್ಬಲ ಎಂಬ ರೂಢಿಯ ಮಾತನ್ನು ನಾನು ಗಂಭೀರವಾಗಿ ತೆಗೆದುಕೊಂಡದ್ದು ಅದನ್ನು ನೋಡಿಯೇ. ಹಬ್ಬದ ತಿಂಗಳಿನಂಥ ಬಾಹ್ಯ ಚರಗಳನ್ನು (ಬೆಲೆಯಿಂದ ತಾವು ಬದಲಾಗದವು) ಇನ್‌ಸ್ಟ್ರುಮೆಂಟ್ ಪಟ್ಟಿಯಲ್ಲೂ ಮತ್ತೆ ಸೇರಿಸಬೇಕೆಂಬುದು ಮಾತ್ರ ಮೊದಲ ಸಲ ಎಲ್ಲರನ್ನೂ ಎಡವಿಸುತ್ತದೆ.

ಆಜ್ಞೆಗಳನ್ನು ಬರೆದು ಓಡಿಸುವ ಆರ್ ಮೂರರಲ್ಲಿ ಅತ್ಯಂತ ಬಲಶಾಲಿ, ಹೊಸಬರ ಮೇಲೆ ಅತ್ಯಂತ ನಿರ್ದಯಿ. ಬೆಲೆಯ ಮೇಲೆ ಅದರದೇ ಲ್ಯಾಗ್ (ಹಿಂದಿನ ದಿನದ ಬೆಲೆ) ಹಾಕಿ ಎಲ್ಎಂ (ರಿಗ್ರೆಷನ್ನಿನ ಆಜ್ಞೆ) ಓಡಿಸಿದಾಗ ಆರ್-ಸ್ಕ್ವೇರ್ 1 ಬಂತು, ಅಂದರೆ ಬೆಲೆಯ ಏರಿಳಿತವನ್ನೆಲ್ಲ ಪೂರ್ತಿ ವಿವರಿಸಿದಂತೆ. ಮೂಲ ಲ್ಯಾಗ್ ಫಂಕ್ಷನ್ ಕಾಲದ ಗುರುತನ್ನಷ್ಟೇ ಸರಿಸುತ್ತದೆ, ಅಂಕಿಗಳನ್ನಲ್ಲ. ನಾನು ಬೆಲೆಯಿಂದ ಅದೇ ಬೆಲೆಯನ್ನು ವಿವರಿಸಿದ್ದೆ. ರೋಬಸ್ಟ್ ಎರರ್‌ಗೆ, ಇನ್‌ಸ್ಟ್ರುಮೆಂಟಿಗೆ ಬೇರೆ ಬೇರೆ ಪ್ಯಾಕೇಜು ಬೇಕು. ಹಾಗಿದ್ದರೂ ಮಾರ್ಗದರ್ಶಕರು ಅಂಕಿಗಳ ಅವಧಿಯನ್ನು ಬದಲಿಸಲು ಹೇಳಿದ ಸಂಜೆ, ಸ್ಕ್ರಿಪ್ಟಿನ ಒಂದು ಸಾಲು ತಿದ್ದಿ ಎಲ್ಲ ಕೋಷ್ಟಕಗಳನ್ನೂ ಮತ್ತೆ ತೆಗೆದೆ.

ಮೌಖಿಕ ಪರೀಕ್ಷೆಯಲ್ಲಿ ಬಂದ ಪ್ರಶ್ನೆಗೆ ಮೂರರಲ್ಲಿಯೂ ಗುಂಡಿಯಿರಲಿಲ್ಲ: ನೀರಿಲ್ಲದ ವರ್ಷ ರೈತರ ಕೈಯಲ್ಲಿ ದುಡ್ಡೂ ಇರುವುದಿಲ್ಲವಲ್ಲ, ಬೆಲ್ಲದ ಬೇಡಿಕೆಯೂ ಕುಸಿದರೆ? ಮಂಡ್ಯದ ಬೆಲ್ಲ ಹೊರರಾಜ್ಯಗಳಿಗೂ ಹೋಗುತ್ತದೆ, ಅಲ್ಲಿಯ ಬೇಡಿಕೆಗೆ ಕನ್ನಂಬಾಡಿಯ ಹಂಗಿಲ್ಲ ಎಂದು ಉತ್ತರಿಸಿದೆ. ಈಗ ಕಿರಿಯರು ಕೇಳಿದರೆ ಗ್ರೆಟಲ್‌ನಿಂದ ಆರಂಭಿಸಿ, ಅದರ ಕಮಾಂಡ್ ಲಾಗನ್ನು ಓದುತ್ತಾ ಆರ್‌ಗೆ ಬನ್ನಿ ಎನ್ನುತ್ತೇನೆ; ಎಕ್ಸೆಲ್‌ನಲ್ಲಿ ಒಂದೇ ಒಂದು ರಿಗ್ರೆಷನ್ನನ್ನು ಟೂಲ್‌ಪ್ಯಾಕ್ ಮುಟ್ಟದೆ ಮಾಡಿಸುತ್ತೇನೆ.