ರೆಪ್ಪೆಯ ಗಂಟಿಗೆ ಯಾವ ಶಾಖ? ಬಟ್ಟೆ, ರಾಗಿ, ಮೊಟ್ಟೆ, ಮಾಸ್ಕ್

ಕಣ್ಣು ಕುಟಿಕೆ ಪದೇಪದೇ ಬರುವವರು ಮೊದಲು ಗಂಟು ಯಾವುದೆಂದು ನೋಡಿಕೊಳ್ಳಬೇಕು. ಎವೆಯ, ಅಂದರೆ ರೆಪ್ಪೆಗೂದಲಿನ, ಬುಡದಲ್ಲೇ ಕೆಂಪಗೆ ಊದಿ, ಮುಟ್ಟಿದರೆ ನೋವಾಗಿ, ಎರಡು ಮೂರು ದಿನಕ್ಕೆ ಹಳದಿ ಮೊನೆ ಕಂಡರೆ ಅದು ಕುಟಿಕೆ. ಸಾಮಾನ್ಯವಾಗಿ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾದ ಸೋಂಕು. ಎವೆಯಿಂದ ತುಸು ದೂರದಲ್ಲಿ, ಬಟಾಣಿಯಂತೆ ಗಟ್ಟಿಯಾಗಿ, ನೋವಿಲ್ಲದೆ ಕೂತಿದ್ದರೆ ಕಲೇಜಿಯನ್. ಅಲ್ಲಿ ಎಣ್ಣೆ ಗ್ರಂಥಿಯ ಬಾಯಿ ಕಟ್ಟಿ, ಎಣ್ಣೆ ಒಳಗೇ ನಿಂತು ಊದಿಕೊಂಡಿರುತ್ತದೆ. ಮೇಲಿನ ರೆಪ್ಪೆಯಲ್ಲಿ ಇಂಥ ಗ್ರಂಥಿಗಳು 25ರಿಂದ 40, ಕೆಳಗಿನದರಲ್ಲಿ 20ರಿಂದ 30. ಒಂದು ವಾಸಿಯಾಗುವಷ್ಟರಲ್ಲಿ ಪಕ್ಕದ್ದು ಕಟ್ಟಿಕೊಳ್ಳುವುದು ಅದಕ್ಕೇ.

ಎರಡಕ್ಕೂ ಮೊದಲ ಮದ್ದು ಶಾಖ. ಗಟ್ಟಿಯಾದ ಎಣ್ಣೆ ಕರಗಲು ರೆಪ್ಪೆ ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹತ್ತು ನಿಮಿಷ ಇರಬೇಕು, ದಿನಕ್ಕೆ ಮೂರು ನಾಲ್ಕು ಸಲ. ಬೆರಳನ್ನು ಅಂಗೈಗೆ ಉಜ್ಜಿ ಒತ್ತುವುದು, ಚಿನ್ನದುಂಗುರ ಬಿಸಿ ಮಾಡಿ ಮುಟ್ಟಿಸುವುದು ಸೋಲುವುದು ಇಲ್ಲೇ: ಆ ಬಿಸಿ ಕೆಲವು ಸೆಕೆಂಡಿನದು.

ಬಿಸಿನೀರಲ್ಲಿ ಅದ್ದಿದ ಒಂದೇ ಬಟ್ಟೆಯೂ ಬಹಳ ಬಾಳುವುದಿಲ್ಲ. ಮೂಡಿಗೆರೆ, ಸಕಲೇಶಪುರದ ಡಿಸೆಂಬರ್ ಬೆಳಗಿನಲ್ಲಂತೂ ಎರಡು ನಿಮಿಷಕ್ಕೆ ತಣ್ಣಗೆ. ಆದರೆ ಐದು ಚಿಕ್ಕ ಬಟ್ಟೆ ಅದ್ದಿ ಹಿಂಡಿ, ಒಂದರ ಮೇಲೊಂದು ಸುತ್ತಿ ಉಂಡೆ ಮಾಡಿಟ್ಟು, ಎರಡೆರಡು ನಿಮಿಷಕ್ಕೆ ಹೊರಗಿನದನ್ನು ಬಿಚ್ಚಿ ಹಚ್ಚುತ್ತ ಹೋದರೆ ಹತ್ತು ನಿಮಿಷ ದಾಟುತ್ತದೆ. ಕೀವು ಕಟ್ಟಿದ ಕುಟಿಕೆಗೆ ಈ ಒದ್ದೆ ಶಾಖವೇ ಮೇಲು, ಎವೆಗೆ ಅಂಟಿ ಒಣಗಿದ ಹಕ್ಕಳೆಯೂ ಮೆತ್ತಗಾಗುತ್ತದೆ. ಬಚ್ಚಲ ಹಂಡೆಯಲ್ಲಿ ಸದಾ ನೀರು ಕಾಯುವ ತೋಟದ ಮನೆಗಳಿಗೆ ಇದು ಸಲೀಸು.

ಕಲೇಜಿಯನ್‌ಗೆ ನಮ್ಮ ಮತ ಬಟ್ಟೆಯಲ್ಲಿ ಕಟ್ಟಿದ ರಾಗಿ ಗಂಟಿಗೆ. ಅಕ್ಕಿಗಿಂತ ಕಾಳು ಸಣ್ಣದು, ಕಣ್ಣಗುಳಿಗೆ ಸರಿಯಾಗಿ ಕೂರುತ್ತದೆ. ನೇಯ್ಗೆ ದಟ್ಟವಾದ ಹತ್ತಿ ಬಟ್ಟೆ ಎರಡು ಪದರ ಹೊಲಿದು, ಮುಷ್ಟಿಯಷ್ಟು ರಾಗಿ ಸಡಿಲವಾಗಿ ತುಂಬಿ. ಬಿಗಿಯಾಗಿ ತುಂಬಿದರೆ ಕಲ್ಲಿನಂತೆ ಕಣ್ಣುಗುಡ್ಡೆ ಒತ್ತುತ್ತದೆ. ಒಣ ತವೆಯ ಮೇಲೆ ಸಣ್ಣ ಉರಿಯಲ್ಲಿ ತಿರುಗಿಸುತ್ತ ಬಿಸಿ ಮಾಡಿ, ಕೈಯಲ್ಲಿ ಅಲುಗಾಡಿಸಿ, ಮಣಿಕಟ್ಟಿನ ಒಳಭಾಗಕ್ಕೆ ಹತ್ತು ಸೆಕೆಂಡ್ ಇಟ್ಟು ನೋಡಿ. ಅಲ್ಲಿ ತಾಳದ್ದು ರೆಪ್ಪೆಗೂ ಬೇಡ. ರಾಗಿ ಗಂಟಿಗೂ ಕಣ್ಣಿಗೂ ನಡುವೆ ತೆಳು ಒದ್ದೆ ಬಟ್ಟೆ ಇರಲಿ. ಸುಟ್ಟ ವಾಸನೆ ಬಂದ ದಿನ ರಾಗಿ ಬದಲಿಸಿ. ಉಪ್ಪಿನ ಗಂಟು ಮಂಡಿನೋವಿಗೆ ಸರಿ, ಕಣ್ಣಿಗೆ ವಿಪರೀತ ಕಾಯುತ್ತದೆ.

ಬೇಯಿಸಿದ ಮೊಟ್ಟೆ ಬಿಸಿ ಹಿಡಿಯುವುದೇನೋ ನಿಜ. ಆದರೆ ಉಬ್ಬಿದ ಒಂದು ಜಾಗ ಮಾತ್ರ ತಾಗಿ ಅಲ್ಲೇ ಸುಡುತ್ತದೆ. ಅಂಗಡಿಯ ಮಣಿ ತುಂಬಿದ ಮಾಸ್ಕ್ ಎಲ್ಲಕ್ಕಿಂತ ಸಮನಾಗಿ ಬಿಸಿ ಕೊಡುತ್ತದೆ, ಎರಡೂ ಕಣ್ಣಿಗೆ ಒಟ್ಟಿಗೆ. ಆದರೆ ಮೈಕ್ರೋವೇವ್ ಬೇಕು, ಕರೆಂಟೂ ಇರಬೇಕು. ಮಳೆಗಾಲದ ಮಲೆನಾಡಿನಲ್ಲಿ ಎರಡನೆಯದೇ ಕಷ್ಟ.

ಶಾಖವಾದ ಕೂಡಲೇ, ತೊಳೆದ ಬೆರಳಿನಿಂದ ಮೇಲಿನ ರೆಪ್ಪೆಯನ್ನು ಕೆಳಮುಖವಾಗಿ, ಕೆಳಗಿನದನ್ನು ಮೇಲ್ಮುಖವಾಗಿ ಎವೆಯ ಕಡೆಗೆ ಅರ್ಧ ನಿಮಿಷ ಮೆಲ್ಲಗೆ ನೀವಬೇಕು. ಇದು ಕಲೇಜಿಯನ್‌ಗೆ ಮಾತ್ರ. ಕೀವಿರುವ ಕುಟಿಕೆಯನ್ನು ನೀವಿದರೆ, ಹಿಚುಕಿದರೆ ಸೋಂಕು ರೆಪ್ಪೆಗೆಲ್ಲ ಹರಡುತ್ತದೆ.

ಮರುಕಳಿಸದಂತೆ ತಡೆಯುವುದು ಗಂಟು ಹೋದ ಮೇಲೂ ದಿನಕ್ಕೊಮ್ಮೆ ಶಾಖ ಕೊಟ್ಟು ಎವೆಯ ಬುಡ ತೊಳೆಯುವುದು. ಬಹಳ ಜನ ಬಿಡುವುದೂ ಇದನ್ನೇ. ಕುದಿಸಿ ಆರಿಸಿದ ಅರ್ಧ ಲೋಟ ನೀರಿಗೆ ಎರಡು ಮೂರು ಹನಿ ಬೇಬಿ ಶಾಂಪೂ ಅಗ್ಗ, ಆದರೆ ಕೆಲವರಿಗೆ ಕಣ್ಣು ಒಣಗಿ ಉರಿಯುತ್ತದೆ. ಹಾಗಾದವರಿಗೆ ರೆಪ್ಪೆಗೆಂದೇ ಮಾಡಿದ ವೈಪ್ಸ್ ಒಳ್ಳೆಯದು, ದುಬಾರಿಯಾದರೂ. ಟೀ ಟ್ರೀ ಎಣ್ಣೆಯನ್ನು ನೇರ ಹಚ್ಚಬೇಡಿ, ಎದೆಹಾಲೂ ಬೇಡ. ಕಾಫಿ ಕಣದಲ್ಲಿ, ಮೆಣಸು ಬಿಡಿಸುವಾಗ ಅದೇ ಕೈಯಲ್ಲಿ ಕಣ್ಣುಜ್ಜುವ ಅಭ್ಯಾಸ ಬಿಡದಿದ್ದರೆ ಯಾವ ತೊಳೆತವೂ ಸಾಲದು. ಗಂಟಿರುವಾಗ ಕಾಡಿಗೆ ನಿಲ್ಲಿಸಿ, ಹಳೆಯ ಡಬ್ಬಿ ಎಸೆಯಿರಿ.

ಮೆಡಿಕಲ್ ಶಾಪ್‌ನಲ್ಲಿ ಕೇಳಿ ತರುವ ಹನಿಗಳಲ್ಲಿ ಕೆಲವು ಸ್ಟಿರಾಯ್ಡ್ ಬೆರೆತವು. ವಾರಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಬಹುದು. ಜ್ವರ, ರೆಪ್ಪೆ ಪೂರ್ತಿ ಊದುವುದು, ಕಣ್ಣು ಹೊರಳಿಸಿದರೆ ನೋವು, ದೃಷ್ಟಿ ಮಂಜು, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕುಟಿಕೆ ಮರುಕಳಿಸುವ ದೊಡ್ಡವರು ಸಕ್ಕರೆ ಪರೀಕ್ಷೆಯನ್ನೂ ಮಾಡಿಸಲಿ. ತಿಂಗಳ ಶಾಖಕ್ಕೂ ಕರಗದ ಕಲೇಜಿಯನ್‌ಗೆ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೋ ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆಯಲ್ಲೋ ಕಣ್ಣಿನ ವೈದ್ಯರನ್ನು ಕಾಣಿ. ಅಲ್ಲಿ ಎರಡು ದಾರಿ: ಸ್ಟಿರಾಯ್ಡ್ ಚುಚ್ಚುಮದ್ದು ಅಥವಾ ರೆಪ್ಪೆಯ ಒಳಬದಿಯಿಂದ ಸೀಳಿ ಕೆರೆದು ತೆಗೆಯುವುದು. ಚುಚ್ಚುಮದ್ದು ಹಾಕಿದ ಜಾಗ ನಮ್ಮಂಥ ಕಂದು ಚರ್ಮದಲ್ಲಿ ಬೆಳ್ಳಗಾಗಬಹುದು. ಒಳಗಿನಿಂದ ಸೀಳಿದ್ದಕ್ಕೆ ಹೊರಗೆ ಕಲೆ ಉಳಿಯುವುದಿಲ್ಲ. ನಡುವಯಸ್ಸು ದಾಟಿದವರಿಗೆ ಅದೇ ಜಾಗದಲ್ಲಿ ಮತ್ತೆ ಗಂಟು ಬಂದರೆ, ಅಲ್ಲಿನ ಎವೆ ಉದುರಿದ್ದರೆ, ತೆಗೆದ ತುಣುಕನ್ನು ಬಯಾಪ್ಸಿಗೆ ಕಳಿಸಲು ಕೇಳಲೇಬೇಕು. ಎಣ್ಣೆ ಗ್ರಂಥಿಯ ಕ್ಯಾನ್ಸರ್ ಅಪರೂಪವಾದರೂ ಕಲೇಜಿಯನ್‌ನ ವೇಷದಲ್ಲೇ ಬರುತ್ತದೆ.