ಮನೆಯಲ್ಲೇ ಕಾರಿಗೆ ಹೊಳಪು: ಎರಡು ಬಕೆಟ್, ಫೋಮ್, ರಿನ್ಸ್‌ಲೆಸ್, ಆಮೇಲೆ ಯಾವ ವ್ಯಾಕ್ಸ್?

ಗಾಢ ಬಣ್ಣದ ಕಾರನ್ನು ಇಳಿಬಿಸಿಲಿಗೆ ನಿಲ್ಲಿಸಿ, ಬಾನೆಟ್ ಮೇಲೆ ಸೂರ್ಯನ ಬಿಂಬ ಬೀಳುವ ಜಾಗವನ್ನು ಬಗ್ಗಿ ನೋಡಿ. ಬಿಂಬದ ಸುತ್ತ ಜೇಡರ ಬಲೆಯ ಹಾಗೆ ಸಣ್ಣ ಸಣ್ಣ ಗೆರೆಗಳು ಕಾಣುತ್ತವೆ. ಇವನ್ನೇ ಸ್ವರ್ಲ್ ಮಾರ್ಕ್ ಅನ್ನುವುದು. ಇವುಗಳಲ್ಲಿ ಹೆಚ್ಚಿನವು ರಸ್ತೆಯಲ್ಲಿ ಆದವಲ್ಲ, ಒರೆಸುವಾಗ ಆದವು. ಬಣ್ಣದ ಮೇಲಿನ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರದ ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್ ಅಷ್ಟೇ. ಅದು ನುಣುಪಾಗಿದ್ದರೆ ಬೆಳಕು ಒಂದೇ ದಿಕ್ಕಿಗೆ ಮರಳಿ ಕಾರು ಹೊಳೆಯುತ್ತದೆ. ಗೆರೆ ಬಿದ್ದಷ್ಟೂ ಬೆಳಕು ಚೆದುರಿ ಬಣ್ಣ ಮಂಕಾಗುತ್ತದೆ. ಹಾಗಾಗಿ ಹೊಳಪಿನ ವಿಷಯದಲ್ಲಿ ವ್ಯಾಕ್ಸ್ ಡಬ್ಬಿಗಿಂತ ತೊಳೆಯುವ ರೀತಿಗೇ ತೂಕ ಜಾಸ್ತಿ. ದಿನಾ ಬೆಳಿಗ್ಗೆ ಒಣ ಬಟ್ಟೆಯಲ್ಲಿ ಧೂಳು ಹೊಡೆಯುವ ಅಭ್ಯಾಸ, ಒಂದೇ ಬಕೆಟ್ ನೀರಲ್ಲಿ ಹತ್ತು ಕಾರು ಒರೆಸುವ ಪದ್ಧತಿ ಇವೆರಡನ್ನೂ ಮೊದಲು ನಿಲ್ಲಿಸಬೇಕು. ಅದಾಗದಿದ್ದರೆ ಮುಂದಿನ ಯಾವುದಕ್ಕೂ ದುಡ್ಡು ಹಾಕಬೇಡಿ.

ಬೆಂಗಳೂರಿನಂಥ ಊರಲ್ಲಿ ನೀರಿನ ಲೆಕ್ಕವೂ ಸೇರಿಕೊಳ್ಳುತ್ತದೆ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿತ್ತು. ಅದಕ್ಕೇ ಕೆಳಗಿನ ಮೂರು ವಿಧಾನಗಳನ್ನು ಹೊಳಪಿನ ಜೊತೆಗೆ ಲೀಟರ್ ಲೆಕ್ಕದಲ್ಲೂ ತೂಗಿದ್ದೇವೆ.

ತೊಳೆಯುವ ಮೂರು ದಾರಿ

ಎರಡು ಬಕೆಟ್ ವಿಧಾನ ಹಳೆಯದು, ನಂಬಿಕಸ್ಥ. 15 ಲೀಟರಿನ ಎರಡು ಬಕೆಟ್, ಎರಡರ ತಳಕ್ಕೂ ಮಣ್ಣನ್ನು ಕೆಳಗೇ ಹಿಡಿದಿಡುವ ಗ್ರಿಟ್ ಗಾರ್ಡ್ ಜಾಲರಿ. ಒಂದರಲ್ಲಿ ಪಿಎಚ್ ನ್ಯೂಟ್ರಲ್ (ಆಮ್ಲವೂ ಅಲ್ಲದ, ಕ್ಷಾರವೂ ಅಲ್ಲದ) ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಶಾಂಪೂ ಸಾಮಾನ್ಯವಾಗಿ 12 ಲೀಟರಿಗೆ 30 ಮಿಲಿ ಸಾಕು, ಬಾಟಲಿಯ ಲೇಬಲ್ ಒಮ್ಮೆ ನೋಡಿಕೊಳ್ಳಿ. ಚಕ್ರಗಳಿಗೆ ಬೇರೆಯೇ ಬಕೆಟ್, ಬೇರೆ ಬ್ರಷ್, ಅದೂ ಎಲ್ಲಕ್ಕಿಂತ ಮೊದಲು. ಬ್ರೇಕ್ ಪ್ಯಾಡಿನ ಪುಡಿ ಬಾಡಿ ತೊಳೆಯುವ ಮಿಟ್‌ಗೆ (ಕೈಗವಸಿನಂಥ ಮೆದು ಬಟ್ಟೆಗೆ) ಅಂಟಿದರೆ ಅಲ್ಲಿಗೆ ಕಥೆ ಮುಗಿಯಿತು. ಆಮೇಲೆ ಇಡೀ ಕಾರಿಗೆ ನೀರು ಬಿಟ್ಟು ಸಡಿಲ ಧೂಳು ಇಳಿಸಿ, ರೂಫ್, ಗಾಜು, ಬಾನೆಟ್, ಬಾಗಿಲಿನ ಮೇಲ್ಭಾಗ, ಕೊನೆಗೆ ಬಾಗಿಲಿನ ಕೆಳಭಾಗ ಮತ್ತು ಬಂಪರ್. ಮಿಟ್ ಅದರ ಭಾರಕ್ಕೇ ಸರಿಯಬೇಕು, ಒತ್ತಬಾರದು. ಸುತ್ತು ಸುತ್ತು ಉಜ್ಜದೆ ನೇರ ಗೆರೆಯಲ್ಲಿ ಎಳೆಯಬೇಕು. ಒಂದು ಪ್ಯಾನೆಲ್ ಆದಮೇಲೆ ಮಿಟ್ಟನ್ನು ಬರೀ ನೀರಿನ ಬಕೆಟ್ಟಿನಲ್ಲಿ ಜಾಲರಿಗೆ ತಿಕ್ಕಿ, ಹಿಂಡಿ, ಆಮೇಲಷ್ಟೇ ಶಾಂಪೂಗೆ ಅದ್ದಬೇಕು. ಹಳದಿ ಸ್ಪಂಜು ಬೇಡ. ಅದರ ಮೈ ಚಪ್ಪಟೆ, ಮರಳಿನ ಕಣಕ್ಕೆ ಒಳಗೆ ಹೋಗಲು ಜಾಗವಿಲ್ಲ, ಬಣ್ಣದ ಮೇಲೇ ಉರುಳುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದರೆ ಇದ್ದ ವ್ಯಾಕ್ಸೂ ಹೋಗುತ್ತದೆ. ಬಟ್ಟೆ ಸೋಪಿನ ಪುಡಿಯಂತೂ ಕ್ಷಾರ, ಕಪ್ಪು ಪ್ಲಾಸ್ಟಿಕ್ ಬಿಳಚಿಕೊಳ್ಳುತ್ತದೆ. ಪೈಪ್ ತುದಿಗೆ ಟ್ರಿಗರ್ ಗನ್ ಇದ್ದರೂ ಒಂದು ಹ್ಯಾಚ್‌ಬ್ಯಾಕಿಗೆ ಹತ್ತಿರ ಹತ್ತಿರ 100 ಲೀಟರ್ ಖರ್ಚು.

ಪ್ರೆಶರ್ ವಾಷರ್ ಮತ್ತು ಅದಕ್ಕೆ ಜೋಡಿಸಿ ಶಾಂಪೂ ನೊರೆ ಹೊಡೆಯುವ ಫೋಮ್ ಕ್ಯಾನನ್ ನೋಡಲು ಬಲು ಚೆಂದ. ಆದರೆ ಫೋಮ್ ಹಾಕಿ ನೀರು ಹೊಡೆದರೆ ಕೈ ಮುಟ್ಟಿಸದೆ ಕಾರು ಸ್ವಚ್ಛವಾಗುತ್ತದೆ ಎನ್ನುವುದು ಸುಳ್ಳು. ಒಂದು ಬಾಗಿಲಿಗೆ ಮಾತ್ರ ಫೋಮ್ ಹಾಕಿ, ಐದು ನಿಮಿಷ ಬಿಟ್ಟು, ತೊಳೆದು ಒಣಗಿಸಿ. ಈಗ ಬಿಳಿ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿದರೆ ಬಟ್ಟೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ರಸ್ತೆಯ ಎಣ್ಣೆ-ಹೊಗೆ ಸೇರಿದ ಜಿಡ್ಡಿನ ಪೊರೆ ಹಾಗೇ ಉಳಿದಿರುತ್ತದೆ. ಫೋಮಿನ ಕೆಲಸ ಮಣ್ಣನ್ನು ನೆನೆಸಿ ದೊಡ್ಡ ಕಣಗಳನ್ನು ಕೆಳಗಿಳಿಸುವುದು ಅಷ್ಟೇ, ಆಮೇಲೂ ಮಿಟ್ ಬೇಕೇ ಬೇಕು. ಮನೆಬಳಕೆಯ 100ರಿಂದ 130 ಬಾರ್ ಯಂತ್ರಗಳು ನಿಮಿಷಕ್ಕೆ ಸುಮಾರು 6 ಲೀಟರ್ ನೀರು ಬಿಡುತ್ತವೆ. ಫೋಮ್ ತೆಳ್ಳಗೆ ನೀರು ನೀರಾಗಿ ಬರುತ್ತಿದ್ದರೆ ಶಾಂಪೂ ಸುರಿಯುತ್ತಾ ಹೋಗಬೇಡಿ. ಕ್ಯಾನನ್ ಒಳಗಿನ 1.25 ಮಿಮೀ ರಂಧ್ರದ ತುಂಡನ್ನು ತೆಗೆದು 1.1 ಮಿಮೀ ಹಾಕಿ, ಸಣ್ಣ ಯಂತ್ರಕ್ಕೆ ಅದೇ ಹೊಂದುವುದು. ಒಂದು ಲೀಟರ್ ಡಬ್ಬಿಗೆ 50ರಿಂದ 70 ಮಿಲಿ ಶಾಂಪೂ, ಮಿಕ್ಕಿದ್ದು ನೀರು. ತೊಳೆಯಲು 40 ಡಿಗ್ರಿಯ ಬಿಳಿ ನಾಝಲ್, ಬಣ್ಣದಿಂದ ಕನಿಷ್ಠ ಒಂದಡಿ ದೂರ. ಕೆಂಪು ನಾಝಲ್ ಸೂಜಿಯಂತಹ ಧಾರೆ, ಕಾರಿನ ಹತ್ತಿರಕ್ಕೂ ತರಬಾರದು. ಕಲ್ಲು ಸಿಡಿದು ಚಕ್ಕೆ ಎದ್ದ ಜಾಗ, ಮತ್ತೆ ಪೇಂಟ್ ಮಾಡಿಸಿದ ಬಂಪರ್ ಇಂಥಲ್ಲೆಲ್ಲ ಪದರವೇ ಎದ್ದು ಬರುತ್ತದೆ.

ಇಷ್ಟೆಲ್ಲ ಹೇಳಿದರೂ ಫೋಮಿಗೆ ಸರಿಸಾಟಿ ಇಲ್ಲದ ಒಂದು ಜಾಗವಿದೆ: ಕೆಸರು. ಮಳೆಗಾಲದಲ್ಲಿ ಚಿಕ್ಕಮಗಳೂರಿನ ತೋಟದ ದಾರಿಯಲ್ಲೋ ಕರಾವಳಿಯ ಮುರಕಲ್ಲಿನ ಕೆಂಪು ಮಣ್ಣಿನಲ್ಲೋ ಓಡಾಡಿದ ಕಾರಿಗೆ ನೇರವಾಗಿ ಮಿಟ್ ಹಾಕುವುದೆಂದರೆ ಮರಳು ಕಾಗದ ಹಾಕಿ ತಿಕ್ಕಿದಂತೆಯೇ. ಮೊದಲು ವೀಲ್ ಆರ್ಚ್, ಕೆಳಗಿನ ಅಂಚು, ಆಮೇಲೆ ಫೋಮ್, ಆಮೇಲೆ ಎರಡು ಬಕೆಟ್. ಇಲ್ಲಿ ಒಳದಾರಿ ಇಲ್ಲ.

ಮೂರನೆಯದು ರಿನ್ಸ್‌ಲೆಸ್. ನಮ್ಮಲ್ಲಿ ಇನ್ನೂ ಕಡಿಮೆ ಜನ ಬಳಸುವ, ಆದರೆ ನಗರದ ಕಾರಿಗೆ ನಮ್ಮ ಮೊದಲ ಆಯ್ಕೆ. ಆಪ್ಟಿಮಮ್ ನೋ ರಿನ್ಸ್ ತರಹದ ದ್ರಾವಣ 256ಕ್ಕೆ ಒಂದು ಭಾಗ, ಅಂದರೆ 8 ಲೀಟರ್ ನೀರಿಗೆ ಸುಮಾರು 30 ಮಿಲಿ. ಇದರ ಪಾಲಿಮರ್ ಧೂಳಿನ ಕಣವನ್ನು ಸುತ್ತುವರಿದು ಬಣ್ಣದಿಂದ ಬಿಡಿಸುತ್ತದೆ, ಮತ್ತೆ ನೀರು ಬಿಟ್ಟು ತೊಳೆಯುವ ಕೆಲಸವಿಲ್ಲ. ಅದೇ ಮಿಶ್ರಣವನ್ನು ಗಿಡಕ್ಕೆ ಔಷಧಿ ಹೊಡೆಯುವ ಒಂದೂವರೆ ಲೀಟರ್ ಹೊಸ ಪಂಪಿಗೆ ತುಂಬಿ ಪ್ಯಾನೆಲ್ ಮೇಲೆ ಧಾರಾಳವಾಗಿ ಸಿಂಪಡಿಸಿ, ಒಂದೆರಡು ನಿಮಿಷ ಬಿಡಿ. ಬಕೆಟ್ಟಿನಲ್ಲಿ ಎಂಟು ಮೈಕ್ರೋಫೈಬರ್ ಬಟ್ಟೆ ಮೊದಲೇ ನೆನೆದಿರಬೇಕು. ಒಂದನ್ನು ತೆಗೆದು ಎರಡು ಸಲ ಮಡಚಿದರೆ ಎರಡೂ ಮಗ್ಗುಲು ಸೇರಿ ಎಂಟು ಹೊಸ ಮುಖ ಸಿಗುತ್ತವೆ. ಒಂದು ಮುಖದಿಂದ ಒಂದೆರಡು ಎಳೆತ, ತಿರುಗಿಸು, ಮತ್ತೆ ಹೊಸ ಮುಖ. ಎಂಟೂ ಮುಗಿದ ಬಟ್ಟೆ ಮತ್ತೆ ಬಕೆಟ್ಟಿಗೆ ಹೋಗಕೂಡದು, ಪಕ್ಕಕ್ಕೆ. ಈ ಒಂದು ನಿಯಮ ಮುರಿದರೆ ವಿಧಾನವೇ ಕೆಡುತ್ತದೆ, ಯಾಕೆಂದರೆ ಇಲ್ಲಿ ಕಣವನ್ನು ಕೊಚ್ಚಿಕೊಂಡು ಹೋಗಲು ಹರಿಯುವ ನೀರಿಲ್ಲ. ಪ್ಯಾನೆಲ್ ಒರೆಸಿದ ಕೂಡಲೇ ಒಣ ಟವೆಲ್ ಹಾಕಿ.

ಇಡೀ ಕಾರಿಗೆ 8ರಿಂದ 10 ಲೀಟರ್. ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ನೆಲ ಒದ್ದೆಯಾಗುವುದಿಲ್ಲ, ಅಸೋಸಿಯೇಷನ್ ತಕರಾರಿಲ್ಲ. ವಾರದ ಧೂಳು, ಟ್ರಾಫಿಕ್ ಜಿಡ್ಡಿಗೆ ಎರಡು ಬಕೆಟ್ಟಿಗೂ ಇದಕ್ಕೂ ಫಲಿತಾಂಶದಲ್ಲಿ ವ್ಯತ್ಯಾಸ ಹುಡುಕಬೇಕು. ಆದರೆ ಬೆರಳು ಆಡಿಸಿದರೆ ಹೆಂಟೆ ಸಿಗುವಷ್ಟು ಮಣ್ಣಿದ್ದರೆ ಮುಟ್ಟಬೇಡಿ. ಬಾಟಲಿಯಿಂದ ಸಿಂಪಡಿಸಿ ಒರೆಸುವ ವಾಟರ್‌ಲೆಸ್ ಸ್ಪ್ರೇ ಇದರ ಸಮಕ್ಕೆ ನಿಲ್ಲುವುದಿಲ್ಲ, ಕಣ ಎತ್ತಲು ಅಷ್ಟು ದ್ರವ ಸಾಲದು.

ಕೊನೆಯ ನೀರು

ಬೋರ್‌ವೆಲ್, ಟ್ಯಾಂಕರ್ ನೀರಲ್ಲಿ ತೊಳೆಯುವವರು ಶಾಂಪೂ ಬ್ರ್ಯಾಂಡ್ ಬದಲಿಸುತ್ತಲೇ ಇರುತ್ತಾರೆ, ಕಲೆ ಮಾತ್ರ ಹೋಗುವುದಿಲ್ಲ. ಬಾನೆಟ್ ಮೇಲೆ ಉಳಿದ ಒಂದು ಹನಿಯನ್ನು ಬಿಸಿಲಲ್ಲಿ ಗಮನಿಸಿ. ನೀರು ಆರಿದಂತೆ ಅದರಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣವೆಲ್ಲ ಬಿಳಿ ಉಂಗುರವಾಗಿ ಕೂರುತ್ತದೆ. ಕೆಲವು ನೂರು ರೂಪಾಯಿಗೆ ಸಿಗುವ, ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿ. ಬೋರ್‌ವೆಲ್ ನೀರಿಗೆ 500 ದಾಟಿದ ಅಂಕಿ ಸಾಮಾನ್ಯ.

ಪರಿಹಾರ ಸರಳ. ತೊಳೆಯುವುದು ಬೋರ್‌ವೆಲ್ ನೀರಲ್ಲೇ ಆಗಲಿ, ಕೊನೆಗೊಮ್ಮೆ ಬೇರೆ ನೀರನ್ನು ಪಂಪಿನಿಂದ ಮೇಲಿನಿಂದ ಕೆಳಕ್ಕೆ ಇಳಿಸಿ, ನಾಲ್ಕೈದು ಲೀಟರ್ ಸಾಕು. ಏಸಿಯ ಡ್ರೈನ್ ಪೈಪಿನ ನೀರು ಇದಕ್ಕೆ ಬಹಳ ಒಳ್ಳೆಯದು. ಗಾಳಿಯ ತೇವ ಹನಿಗಟ್ಟಿದ್ದಾದ್ದರಿಂದ ಲವಣ ಇಲ್ಲವೆನ್ನುವಷ್ಟು ಕಡಿಮೆ, ತೆಳು ಬಟ್ಟೆಯಲ್ಲಿ ಸೋಸಿಕೊಂಡರಾಯಿತು. ಶೇಖರಿಸಿದ ಮಳೆನೀರೂ ಆದೀತು. ಆರ್‌ಒ ಫಿಲ್ಟರ್ ಹೊರಹಾಕುವ ನೀರನ್ನು ಮಾತ್ರ ಇಲ್ಲಿಗೆ ತರಬೇಡಿ. ಉಳಿತಾಯವೆಂದು ಅನೇಕರು ಅದನ್ನೇ ಬಳಸುತ್ತಾರೆ, ಆದರೆ ಲವಣವೆಲ್ಲ ಸಾಂದ್ರವಾಗಿರುವುದು ಅದರಲ್ಲೇ. ನೆಲ ತೊಳೆಯಲು ಸರಿ.

ಒಣಗಿಸಲು ಶ್ಯಾಮಿ ಎಂಬ ಒರೆಸುವ ಚರ್ಮಕ್ಕಿಂತ 800ರಿಂದ 1200 ಜಿಎಸ್‌ಎಂನ (ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ತಿರುಚು ಎಳೆಯ ಮೈಕ್ರೋಫೈಬರ್ ಟವೆಲ್ ಮೇಲು. ಬಾನೆಟ್ ಮೇಲೆ ಪೂರ್ತಿ ಹರಡಿ, ಎರಡು ಮೂಲೆ ಹಿಡಿದು ನಿಧಾನವಾಗಿ ನಿಮ್ಮತ್ತ ಎಳೆಯಿರಿ, ಉಜ್ಜಬೇಡಿ. ಕನ್ನಡಿ, ಹ್ಯಾಂಡಲ್, ನಂಬರ್ ಪ್ಲೇಟ್ ಸಂದಿಗೆ ಬ್ಲೋವರ್ ಇದ್ದರೆ ಅನುಕೂಲ. ಈಗಾಗಲೇ ಉಂಗುರ ಬಿದ್ದಿದ್ದರೆ ಬಿಳಿ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ, ಬಟ್ಟೆ ನೆನೆಸಿ, ಕಲೆಯ ಮೇಲೆ ಎರಡು ನಿಮಿಷ ಇಟ್ಟು ತೊಳೆದುಬಿಡಿ. ನೆರಳಲ್ಲೇ ಮಾಡಿ, ಆ ಜಾಗಕ್ಕೆ ಮತ್ತೆ ವ್ಯಾಕ್ಸ್ ಹಚ್ಚಿ. ಆಮೇಲೂ ಉಂಗುರ ಕಂಡರೆ ಅದು ಕ್ಲಿಯರ್ ಕೋಟಿಗೆ ಇಳಿದಿದೆ ಎಂದರ್ಥ, ಪಾಲಿಷ್ ಒಂದೇ ದಾರಿ.

ಕೈ ಪಾಲಿಷೋ, ಯಂತ್ರವೋ

ಪಾಲಿಷಿಗೆ ಮುಂಚೆ ಕ್ಲೇ, ಅಂದರೆ ಬಣ್ಣಕ್ಕೆ ಅಂಟಿದ ಕೊಳೆ ಎತ್ತುವ ಜೇಡಿಯಂಥ ಮೆದು ಮುದ್ದೆ. ತೊಳೆದ ಬಾನೆಟ್ ಮೇಲೆ ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಸವರಿ, ಬರಿಗೈಗೆ ತಿಳಿಯದ ಒರಟು ಆಗ ತಿಳಿಯುತ್ತದೆ. ಬಣ್ಣಕ್ಕೆ ಶಾಂಪೂ ನೀರು ಚೆನ್ನಾಗಿ ಸಿಂಪಡಿಸಿಕೊಂಡು, ಚಪ್ಪಟೆ ಮಾಡಿದ ಕ್ಲೇ ತುಂಡನ್ನು ನೇರವಾಗಿ ಆಡಿಸಿ. ಮೊದಲು ಕರಕರ ಎನ್ನುತ್ತದೆ, ನಾಲ್ಕಾರು ಎಳೆತದಲ್ಲಿ ಸದ್ದು ನಿಂತು ಜಾರತೊಡಗುತ್ತದೆ. ಕೊಳೆಯಾದ ಮುಖವನ್ನು ಒಳಮಡಚಿ ನಾದಿಕೊಳ್ಳಿ. ನೆಲಕ್ಕೆ ಬಿದ್ದ ತುಂಡನ್ನು ಬಿಸಾಡಿ, ಅದರಲ್ಲಿ ಅಂಟಿದ ಒಂದು ಮರಳಿನ ಕಣ ಇಡೀ ಬಾಗಿಲಿಗೆ ಗೀರು ಎಳೆಯಬಲ್ಲದು.

ಕೈಯಲ್ಲಿ ಪಾಲಿಷ್ ಮಾಡಿದ ಬಾನೆಟ್ ಅಂದು ಚೆಂದ ಕಾಣುತ್ತದೆ, ನಾಲ್ಕು ತೊಳೆತಕ್ಕೆ ಗೆರೆಗಳು ಮರಳಿ ಬರುತ್ತವೆ. ಪಾಲಿಷಿನ ಎಣ್ಣೆ, ಫಿಲ್ಲರ್ ಗೆರೆಯನ್ನು ತುಂಬಿತ್ತೇ ಹೊರತು ಗೆರೆ ಹೋಗಿರಲಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲನ್ನು ನೀರಲ್ಲಿ ಶೇಕಡಾ 15ಕ್ಕೆ ತೆಳುಮಾಡಿ ಒರೆಸಿದರೆ ನಿಜಬಣ್ಣ ಅಲ್ಲೇ ಗೊತ್ತಾಗುತ್ತದೆ. ಹ್ಯಾಂಡಲ್ ಒಳಗಿನ ಉಗುರುಗೀರಿಗೆ ಕೈ ಸಾಕು, ಇಡೀ ಕಾರಿಗೆ ಡ್ಯುಯಲ್ ಆಕ್ಷನ್ ಯಂತ್ರವೇ (ಪ್ಯಾಡ್ ತಿರುಗುತ್ತಲೇ ಅತ್ತಿತ್ತ ಸರಿಯುವಂಥದ್ದು) ಬೇಕು. 15 ಮಿಮೀ ಥ್ರೋ (ಪ್ಯಾಡ್ ಅತ್ತಿತ್ತ ಸರಿಯುವ ದೂರ), 5 ಇಂಚಿನ ಪ್ಲೇಟ್, ಮೆದು ಫೋಮ್ ಪ್ಯಾಡ್, ಫೈನ್ ಪಾಲಿಷ್ ಇಷ್ಟರಿಂದ ಶುರುಮಾಡಿ. ಪ್ಯಾಡ್ ಮೇಲೆ ಬಟಾಣಿ ಗಾತ್ರದ ನಾಲ್ಕು ಹನಿ, ಒಂದೂವರೆ ಅಡಿ ಚೌಕ. 1ನೇ ವೇಗದಲ್ಲಿ ಹರಡಿ, 4 ಅಥವಾ 5ಕ್ಕೆ ಏರಿಸಿ, ಸೆಕೆಂಡಿಗೆ ಎರಡು-ಮೂರು ಸೆಂಟಿಮೀಟರಿನಂತೆ ಅಡ್ಡ, ಉದ್ದ ನಾಲ್ಕು ಸಲ ಸಾಗಿ. ಅವಸರದಲ್ಲಿ ಕೈ ಬೀಸಿದರೆ ಏನೂ ಕಡಿಯುವುದಿಲ್ಲ, ಹೊಸಬರು ಸೋಲುವುದು ಇಲ್ಲೇ. ಪ್ರತಿ ಚೌಕಕ್ಕೂ ಪ್ಯಾಡನ್ನು ಬ್ರಷ್‌ನಿಂದ ಕೊಡವಿ. ಬಾಗಿಲಂಚು, ಬಾನೆಟ್ಟಿನ ಏಣುಗಳಲ್ಲಿ ಬಣ್ಣ ತೆಳು, ಅಲ್ಲಿಗೆ ಮಾಸ್ಕಿಂಗ್ ಟೇಪ್ ಹಚ್ಚಿ. ನಿಂತಲ್ಲೇ ಗಿರಗಿರ ತಿರುಗುವ ರೋಟರಿ ಯಂತ್ರ ಮನೆಯಲ್ಲಿ ಬೇಡವೇ ಬೇಡ, ಏಣಿನಲ್ಲಿ ಒಂದು ಕ್ಷಣ ನಿಂತರೆ ಬಣ್ಣ ಸುಟ್ಟುಹೋಗುತ್ತದೆ. ಕಡಿದ ಕ್ಲಿಯರ್ ಕೋಟ್ ಮರಳಿ ಬೆಳೆಯುವುದಿಲ್ಲವಾದ್ದರಿಂದ ಕಾಂಪೌಂಡಿಂಗನ್ನು, ಅಂದರೆ ಒರಟು ಪಾಲಿಷಿನಿಂದ ಕಡಿಯುವುದನ್ನು, ವರ್ಷವರ್ಷದ ಹಬ್ಬ ಮಾಡಿಕೊಳ್ಳಬೇಡಿ.

ಮೇಲಿನ ಪದರ

ಬಾನೆಟ್ಟನ್ನು ಟೇಪಿನಿಂದ ಭಾಗ ಮಾಡಿ ಬೇರೆ ಬೇರೆ ಹಚ್ಚಿ ನೋಡಿದರೆ ಗೊತ್ತಾಗುವುದು ಇಷ್ಟು. ಕಾರ್ನೂಬಾ ವ್ಯಾಕ್ಸ್ ಕೆಂಪು, ಕಪ್ಪು, ಗಾಢ ನೀಲಿಗೆ ಕೊಡುವ ಆಳ ಬೇರೆ ಯಾವುದೂ ಕೊಡುವುದಿಲ್ಲ. ಬ್ರೆಜಿಲ್‌ನ ಒಂದು ತಾಳೆಯ ಎಲೆಯ ಮೇಣ ಅದು, ಕರಗುವ ಬಿಂದು ಸುಮಾರು 82 ಡಿಗ್ರಿ. ಆದರೆ ಡಬ್ಬಿಯಲ್ಲಿ ಅದರ ಜೊತೆ ಎಣ್ಣೆ, ದ್ರಾವಕಗಳೂ ಇರುತ್ತವೆ. ಕಲಬುರಗಿ, ರಾಯಚೂರಿನ ಮೇ ಬಿಸಿಲಿಗೆ ನಿಂತ ಕಪ್ಪು ಬಾನೆಟ್ ಮೇಲೆ ತಿಂಗಳು ತಾಳಿದರೆ ಹೆಚ್ಚು, ನೆರಳಲ್ಲಿ ನಿಲ್ಲುವ ಕಾರಿಗೆ ಆರೆಂಟು ವಾರ. ಸಿಂಥೆಟಿಕ್ ಸೀಲಂಟ್ (ಕೃತಕ ಪಾಲಿಮರ್ ಪದರ) ಕೊಡುವ ಹೊಳಪು ಚೂಪು, ಆಳ ಸ್ವಲ್ಪ ಕಡಿಮೆ, ಮೂರು ನಾಲ್ಕು ತಿಂಗಳು ಬಾಳುತ್ತದೆ. ಬಿಳಿ, ಬೆಳ್ಳಿ ಬಣ್ಣದ ಕಾರಿಗೆ ಇದೇ ಸರಿ, ಅಲ್ಲಿ ಕಾರ್ನೂಬಾ ಖರ್ಚು ಕಣ್ಣಿಗೆ ಕಾಣುವುದೇ ಇಲ್ಲ. ಟರ್ಟಲ್ ವ್ಯಾಕ್ಸ್ ಕಂಪನಿಯದ್ದರಂಥ ಸೆರಾಮಿಕ್ ಸ್ಪ್ರೇ ಹಚ್ಚುವುದು ಎಲ್ಲಕ್ಕಿಂತ ಸುಲಭ. ಪ್ಯಾನೆಲ್ಲಿಗೆ ಎರಡು ಮೂರು ಸ್ಪ್ರೇ, ಒಂದು ಬಟ್ಟೆಯಲ್ಲಿ ಹರಡಿ, ಇನ್ನೊಂದರಲ್ಲಿ ಕೂಡಲೇ ಒರೆಸಬೇಕು. ಜಾಸ್ತಿ ಹಾಕಿದರೆ ಮಸುಕು ಗೆರೆ ಉಳಿಯುತ್ತದೆ.

ಪುಟ್ಟ ಬಾಟಲಿಯ ನಿಜವಾದ ಸೆರಾಮಿಕ್ ಕೋಟಿಂಗ್ ವರ್ಷಕ್ಕೂ ಮಿಕ್ಕಿ ಬಾಳುತ್ತದೆ. ಆದರೆ ಕೆಳಗಿನ ಗೆರೆಗಳನ್ನೂ ಹಾಗೇ ಮುಚ್ಚಿ ಕೂರಿಸುತ್ತದೆ, ಒರೆಸಲು ತಡವಾದರೆ ಉಬ್ಬು ಕಲೆಗಳು ಗಟ್ಟಿಯಾಗಿ ಪಾಲಿಷ್ ಮಾಡಿಯೇ ತೆಗೆಯಬೇಕು. ಇನ್ನೊಂದು ಮಾತನ್ನು ಮಾರುವವರು ಹೇಳುವುದಿಲ್ಲ. ಮುತ್ತಿನಂಥ ಹನಿ ನಿಲ್ಲುವುದನ್ನೇ ಜಾಹೀರಾತಿನಲ್ಲಿ ತೋರಿಸುತ್ತಾರೆ. ಗಡಸು ನೀರು ಎರಚುವ ಸ್ಪ್ರಿಂಕ್ಲರ್ ಪಕ್ಕ, ಬಯಲಲ್ಲಿ ನಿಲ್ಲುವ ಕಾರಿಗೆ ಅದೇ ಶತ್ರು. ಎದ್ದು ನಿಂತ ಹನಿ ನಿಂತಲ್ಲೇ ಆರಿ ಉಂಗುರವಾಗುತ್ತದೆ. ಅಂಥ ಕಡೆ ನೀರು ಹಾಳೆಯಾಗಿ ಜಾರಿಹೋಗುವಂಥ ಸೀಲಂಟ್ ಆರಿಸಿಕೊಳ್ಳುವುದು ಜಾಣತನ.

ಮರದ ಕೆಳಗೆ ನಿಲ್ಲಿಸುವವರು ಯಾವ ಪದರ ಹಚ್ಚಿದರೂ ಹಕ್ಕಿ ಹಿಕ್ಕೆಗೆ ಪ್ರತ್ಯೇಕ ತಯಾರಿ ಇಟ್ಟುಕೊಳ್ಳಬೇಕು. ಬಿಸಿಲಿಗೆ ಮೆದುವಾದ ಕ್ಲಿಯರ್ ಕೋಟ್ ಸಂಜೆ ತಣಿದು ಕುಗ್ಗುವಾಗ ಒಣಗಿದ ಹಿಕ್ಕೆಯ ಆಕಾರಕ್ಕೇ ಅಚ್ಚಾಗುತ್ತದೆ, ಅದಕ್ಕೇ ಮರುದಿನದವರೆಗೆ ಬಿಡಬಾರದು. ಡಿಕ್ಕಿಯಲ್ಲಿ ಅರ್ಧ ಲೀಟರ್ ಸ್ಪ್ರೇ ಬಾಟಲಿಗೆ 2 ಮಿಲಿ ರಿನ್ಸ್‌ಲೆಸ್ ಬೆರೆಸಿದ ನೀರು, ಎರಡು ಹಳೆಯ ಮೈಕ್ರೋಫೈಬರ್ ಬಟ್ಟೆ ಇರಲಿ. ಹಿಕ್ಕೆಯಲ್ಲಿ ಬೀಜ, ಮರಳಿನ ಕಣ ಇರುವುದರಿಂದ ಒರೆಸಲು ಹೋಗಬೇಡಿ. ಚೆನ್ನಾಗಿ ಸಿಂಪಡಿಸಿ, ಒದ್ದೆ ಬಟ್ಟೆ ಮುಚ್ಚಿ ಎರಡು ಮೂರು ನಿಮಿಷ ಬಿಟ್ಟು, ಹಿಸುಕಿ ಮೇಲಕ್ಕೆತ್ತಿ. ಉಳಿದದ್ದನ್ನು ಬಟ್ಟೆಯ ಹೊಸ ಮುಖದಿಂದ ಇನ್ನೊಮ್ಮೆ.